ತೋಟದಲ್ಲಿ ಸಿಗ್ನಲ್ ಇಲ್ಲ, ಅಪ್ಪನಿಗೆ ಸ್ಯಾಟಲೈಟ್ ಫೋನ್ ಕೊಡಿಸಬಹುದಾ?

ಗಡಿಯೂರಿನವನು (ಪಾವಗಡ)

ನಮ್ಮ ತೋಟ ಪಾವಗಡದಿಂದ 14 ಕಿಲೋಮೀಟರ್, ಎರಡು ಗುಡ್ಡದ ಸಂದಿಯಲ್ಲಿದೆ. ಊರಲ್ಲಿ ಫೋನ್ ಚೆನ್ನಾಗಿ ಸಿಗುತ್ತದೆ. ತೋಟಕ್ಕೆ ಇಳಿದರೆ ಮುಗಿಯಿತು. ಬಂಡೆ ಹತ್ತಿದರೆ ಒಂದು ಕಡ್ಡಿ ಬರುತ್ತದೆ, ಅದೂ ಆಂಧ್ರದ ಟವರ್.

ಅಪ್ಪನಿಗೆ 71. ಹೋದ ವರ್ಷ ಸ್ಟೆಂಟ್ ಹಾಕಿಸಿದ್ದೇವೆ. ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಬರದಂತೆ ಕಾಯಲು ರಾತ್ರಿಯೆಲ್ಲ ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಮೊನ್ನೆ ಬೆಳಗ್ಗೆ ಹತ್ತಾದರೂ ಊರಿಗೆ ಬರಲಿಲ್ಲ. ನಾನು ತುಮಕೂರಿನಲ್ಲಿ ಡ್ಯೂಟಿಯಲ್ಲಿದ್ದೆ. ಪಕ್ಕದ ಮನೆ ಹುಡುಗನನ್ನು ಬೈಕಿನಲ್ಲಿ ಓಡಿಸಿದೆ. ನೋಡಿದರೆ ಮೋಟಾರ್ ಬಿಚ್ಚಿಕೊಂಡು ಕೂತಿದ್ದರಂತೆ! ಆ ಮುಕ್ಕಾಲು ಗಂಟೆ ನನ್ನ ಪಾಡು ಯಾರಿಗೂ ಬೇಡ.

ನಮ್ಮ ಭಾವ ದುಬೈನಲ್ಲಿದ್ದಾರೆ. ಅಲ್ಲಿ ತುರಾಯಾ ಕಂಪನಿಯ ಸ್ಯಾಟಲೈಟ್ ಫೋನ್ ಅಂಗಡಿಯಲ್ಲೇ ಸಿಗುತ್ತದೆ, ಬರುವಾಗ ತರುತ್ತೇನೆ ಅಂತಾರೆ. ಬಳಸಿದವರು ಯಾರಾದರೂ ಇದ್ದೀರಾ? ಗುಡ್ಡದ ಸಂದಿಯಲ್ಲಿ ಹಿಡಿಯುತ್ತದಾ?

ಹಳೇ ಹಡಗು (ಮಧುಗಿರಿ)

ತಮ್ಮಾ, ಮೊದಲು ಭಾವನಿಗೆ ಫೋನ್ ಮಾಡಿ ಬೇಡ ಅನ್ನು. ಇವತ್ತೇ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ತಂದರೆ ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. ಗೊತ್ತಿಲ್ಲದೆ ತಂದ ಪ್ರವಾಸಿಗರ ಮೇಲೂ ಕೇಸ್ ಆಗಿದೆ. ಮಲೆನಾಡಿನ ಕಾಡಲ್ಲಿ ಸ್ಯಾಟಲೈಟ್ ಫೋನ್ ಸಿಗ್ನಲ್ ಪತ್ತೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಹಾಗೆ ಪೊಲೀಸರು ನಿಮ್ಮ ಕಡ್ಲೆಕಾಯಿ ಹೊಲಕ್ಕೆ ಬರುವುದು ಬೇಡ.

ಕಾನೂನಿನ ದಾರಿ ಬಿಎಸ್‌ಎನ್‌ಎಲ್ ಒಂದೇ. 2017ರಲ್ಲಿ ಇನ್‌ಮಾರ್‌ಸ್ಯಾಟ್ ಅನ್ನುವ ವಿದೇಶಿ ಉಪಗ್ರಹ ಕಂಪನಿ ಮೂಲಕ ಈ ಸೇವೆ ಶುರು ಮಾಡಿದರು. ಪೊಲೀಸ್, ಸೇನೆ, ನೆರೆ ಬಂದಾಗ ಹೋಗುವ ತಂಡಗಳು, ಅಂಥವರು ಬಳಸುವುದು.

ಇನ್ನು ನೀನು ಅನುಭವ ಕೇಳಿದೆಯಲ್ಲ. ನಾನು 19 ವರ್ಷ ಸರಕು ಹಡಗಿನಲ್ಲಿದ್ದೆ. ಕೈಯಲ್ಲಿ ಹಿಡಿಯುವ ಇನ್‌ಮಾರ್‌ಸ್ಯಾಟ್ ಫೋನ್ ಹಿಡಿದು ಡೆಕ್ಕಿಗೆ ಬರಬೇಕು, ದಪ್ಪ ಆಂಟೆನಾ ಎತ್ತಿ ಆಕಾಶಕ್ಕೆ ತೋರಿಸಬೇಕು, ಅದು ಉಪಗ್ರಹ ಹುಡುಕುವ ತನಕ ಅಲ್ಲಾಡದೆ ನಿಲ್ಲಬೇಕು. ಆ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ನನ್ನ ಹೆಂಡತಿಗೆ ಅದು ಅಭ್ಯಾಸವೇ ಆಗಲಿಲ್ಲ. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗಿ, ನಿಮಿಷದ ದುಡ್ಡು ಹೋಗುತ್ತಿತ್ತು.

ನಿಮ್ಮ ತೋಟದಲ್ಲಿ ಆಕಾಶ ಕಂಡರೆ ಹಿಡಿಯಬಹುದು. ಆದರೆ ತಗಡಿನ ಕೆಳಗೆ ಹಿಡಿಯುವುದಿಲ್ಲ. ಎದೆ ಹಿಡಿದುಕೊಂಡು ಮಲಗಿದ ಮನುಷ್ಯ ಎದ್ದು ಹೊರಗೆ ಬಂದು ಆಂಟೆನಾ ಎತ್ತುತ್ತಾನಾ? ನೀನೇ ಯೋಚನೆ ಮಾಡು.

ಸಿರಾ ಗೇಟ್

ಸುಮ್ನೆ ಸ್ಟಾರ್‌ಲಿಂಕ್‌ಗೆ ಕಾಯಿರಿ ಗುರೂ. 2025ರ ಜೂನ್‌ನಲ್ಲೇ ಲೈಸೆನ್ಸ್ ಸಿಕ್ಕಿದೆ.

ಹಳೇ ಹಡಗು (ಮಧುಗಿರಿ)

ಅದು ತಟ್ಟೆ ಇಟ್ಟು ಉಪಗ್ರಹದಿಂದ ಇಂಟರ್ನೆಟ್ ತೆಗೆದುಕೊಳ್ಳುವುದು. ಜೇಬಿನಲ್ಲಿ ಇಡುವ ಫೋನ್ ಅಲ್ಲ.

ಬೀಚಗಾನಹಳ್ಳಿ ದಾರಿ (ಗುಡಿಬಂಡೆ)

ಅಣ್ಣಾ, ನಮ್ಮ ದಾಳಿಂಬೆ ತೋಟದ್ದೂ ಇದೇ ಕಥೆ. ಊರಿನ ಮನೆಗೆ ಫೈಬರ್ ಬಂದಿತ್ತು. ಮನೆ ತಾರಸಿಯಲ್ಲಿ ಒಂದು, ತೋಟದ ಪಂಪ್ ಮನೆ ಮೇಲೆ ಒಂದು, ವೈಫೈ ಡಿಶ್ ಎದುರುಬದುರು ಕಟ್ಟಿದೆ. ಮಧ್ಯೆ ಒಂದೂವರೆ ಕಿಲೋಮೀಟರ್. ಈಗ ತೋಟದಲ್ಲಿ ವೈಫೈ ಕಾಲಿಂಗ್ ಆಗುತ್ತದೆ, ಅಂದರೆ ಟವರ್ ಸಿಗದಿದ್ದರೂ ವೈಫೈ ಮೂಲಕ ಮಾಮೂಲಿ ಕರೆ ಹೋಗುತ್ತದೆ. ಏರ್‌ಟೆಲ್, ಜಿಯೋದಲ್ಲಿ 2020ರ ಹೊತ್ತಿಗೇ ಬಂದಿದೆ. ಅದೇ ಸಿಮ್, ಅದೇ ನಂಬರ್, ಶೆಡ್ಡಿನೊಳಗೂ ರಿಂಗ್ ಆಗುತ್ತದೆ.

ಎರಡು ತೊಂದರೆ ಹೇಳಿಬಿಡುತ್ತೇನೆ. ಒಂದು, ಕರೆಂಟ್. ನಾನು ಮೊದಲ ವಾರ ಪಂಪಿನ ಲೈನಿಗೇ ಕೊಟ್ಟಿದ್ದೆ, ತ್ರೀ ಫೇಸ್ ಹೋದ ತಕ್ಷಣ ಎಲ್ಲ ಬಂದ್. ಆಮೇಲೆ ಸಣ್ಣ ಸೋಲಾರ್ ಪ್ಯಾನೆಲ್ಲು, ಬ್ಯಾಟರಿ ಇಟ್ಟೆ. ಎರಡನೆಯದು, ಎರಡು ಡಿಶ್ ಒಂದಕ್ಕೊಂದು ಕಾಣಲೇಬೇಕು. ಅಪ್ಪನದು ಬಟನ್ ಫೋನಾ? ಹಾಗಿದ್ದರೆ ವೈಫೈ ಕಾಲಿಂಗ್ ಇರುವ ಹಳೇ ಸ್ಮಾರ್ಟ್‌ಫೋನ್ ಒಂದು ಕೊಡಿಸಿ.

ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಅನುಮತಿ ಇಲ್ಲದೆ ಹಾಕಿದರೆ ಅದೂ ಕಾನೂನಿಗೆ ವಿರುದ್ಧವೇ. ಮತ್ತೆ, ಬಂಡೆ ಮೇಲೆ ನಿಮ್ಮ ಕಂಪನಿ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಇದ್ದರೆ ತುರ್ತು ನಂಬರ್ 112ಕ್ಕೆ ಕರೆ ಹೋಗುತ್ತದೆ. ಅಪ್ಪನಿಗೆ ಹೇಳಿಡಿ.

ಗಡಿಯೂರಿನವನು (ಪಾವಗಡ)

ಭಾವನಿಗೆ ಬೇಡ ಅಂದೆ. ಬದಲಿಗೆ ಖರ್ಜೂರ ತರುತ್ತಾರಂತೆ.

ಭಾನುವಾರ ತೋಟಕ್ಕೆ ಹೋಗಿ ನೀರಿನ ಟ್ಯಾಂಕ್ ಹತ್ತಿದೆ. ಊರು ಕಾಣುತ್ತದೆ, ಆಂಜನೇಯನ ಗುಡಿ ಗೋಪುರವೂ ಕಾಣುತ್ತದೆ. ನಮ್ಮ ಮನೆ ತಾರಸಿಗೆ ಸರಿಯಾಗಿ ನಮ್ಮದೇ ಹುಣಸೆ ಮರ ಅಡ್ಡ. ಒಂದು ಕೊಂಬೆ ಕಡಿದರೆ ಸಾಕು ಅಂದೆ. ನಿಮ್ಮಜ್ಜ ನೆಟ್ಟಿದ್ದು, ಕೊಂಬೆ ಮುಟ್ಟಿದರೆ ನೋಡು ಅಂದರು ಅಪ್ಪ. ಗುಡಿಬಂಡೆಯವರೇ, 20 ಅಡಿ ಕಬ್ಬಿಣದ ಪೈಪ್ ನಿಲ್ಲಿಸಿದರೆ ಗಾಳಿಗೆ ಅಲ್ಲಾಡುತ್ತದಾ?