ಫೋನ್‌ಗೆ 90, ಲ್ಯಾಪ್‌ಟಾಪ್‌ಗೆ 6: ರಾತ್ರಿಯಾದರೆ ವೈಫೈ ತೆವಳುತ್ತದೆ

ಪ್ರಶ್ನೆ
ಒಂದು ವಾರದಿಂದ ತಲೆ ಕೆಟ್ಟುಹೋಗಿದೆ. ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ರೂಟರ್ ಹಾಲ್‌ನಲ್ಲಿ, ನಾನು ಪಕ್ಕದ ರೂಮಿನಲ್ಲಿ. ಒಂದೇ ಮೇಜಿನ ಮೇಲೆ ಫೋನ್‌ನಲ್ಲಿ ನೋಡಿದರೆ 90 ಬರುತ್ತದೆ, ಲ್ಯಾಪ್‌ಟಾಪ್‌ನಲ್ಲಿ 6. ಬೆಳಿಗ್ಗೆ ಪರವಾಗಿಲ್ಲ, 40 ದಾಟುತ್ತದೆ. ರಾತ್ರಿ ಊಟ ಮುಗಿಸಿ ಮದುವೆ ಫೋಟೋ ಎಡಿಟ್ ಮಾಡೋಕೆ ಕೂತರೆ ಶುರು. ಲ್ಯಾಪ್‌ಟಾಪ್ ಹಳೇದು, ವಿಂಡೋಸ್ 10. ರೂಟರ್ ಆಫ್ ಮಾಡಿ ಆನ್ ಮಾಡಿದೆ, ಡ್ರೈವರ್ ಅಪ್‌ಡೇಟ್ ಮಾಡಿದೆ. ಕಸ್ಟಮರ್ ಕೇರ್‌ನವರದು ಒಂದೇ ಮಾತು, ‘ನಮ್ಮ ಕಡೆ ಸರಿಯಾಗೇ ಇದೆ ಸರ್’.

ಉತ್ತರ 1
ಫಾರ್ಮ್ಯಾಟ್ ಹೊಡೆದುಬಿಡಿ ಗುರುಗಳೇ.

ಉತ್ತರ 2
ಅಯ್ಯೋ, ಫಾರ್ಮ್ಯಾಟ್ ಬೇಡ. ಬೆಳಿಗ್ಗೆ 40 ಬರುವ ಲ್ಯಾಪ್‌ಟಾಪ್‌ನ ವಿಂಡೋಸ್ ರಾತ್ರಿ ಹೊತ್ತು ಕೆಡುತ್ತದಾ? ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ವೈಫೈ ಪ್ರಾಪರ್ಟೀಸ್ ತೆರೆದು ಕೆಳಗಿನವರೆಗೆ ಹೋಗಿ. ನೆಟ್‌ವರ್ಕ್ ಬ್ಯಾಂಡ್, ಚಾನೆಲ್, ಲಿಂಕ್ ಸ್ಪೀಡ್ (ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ವೇಗ) ಎಷ್ಟಿದೆ ಅಂತ ರಾತ್ರಿ ನೋಡಿ ಹೇಳಿ.

ಉತ್ತರ 3
ಅಪಾರ್ಟ್‌ಮೆಂಟಾ ಸರ್? ರಾತ್ರಿ ಅಕ್ಕಪಕ್ಕದವರೆಲ್ಲ ವೈಫೈ ಮೇಲೆ ಬೀಳುತ್ತಾರೆ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದ್ರೆ 1, 6, 11 ಮೂರೇ. ರೂಟರ್‌ನಲ್ಲಿ ಚಾನೆಲ್ ಬದಲಾಯಿಸಿ ನೋಡಿ.

ಪ್ರಶ್ನೆ ಕೇಳಿದವನು
ಬಾಡಿಗೆ ಮನೆ, ಸುತ್ತ ಹತ್ತು ಹನ್ನೆರಡು ವೈಫೈ ಕಾಣುತ್ತವೆ. ಮೂರೂ ಚಾನೆಲ್ ಹಾಕಿ ನೋಡಿದೆ, ಏನೂ ವ್ಯತ್ಯಾಸವಿಲ್ಲ. ಬ್ಯಾಂಡ್ 2.4, ಪ್ರೋಟೋಕಾಲ್ ವೈಫೈ 4. ಲಿಂಕ್ ಸ್ಪೀಡ್ ರಿಸೀವ್ 13, ಟ್ರಾನ್ಸ್‌ಮಿಟ್ 65. ವಿಚಿತ್ರ ಅಂದ್ರೆ ಅಪ್‌ಲೋಡ್ 22 ಬರುತ್ತಿದೆ, ಡೌನ್‌ಲೋಡ್ ಮಾತ್ರ ಸತ್ತಿದೆ.

ಉತ್ತರ 2
ಅಲ್ಲೇ ಇದೆ ನೋಡಿ ಗುಟ್ಟು. ಲ್ಯಾಪ್‌ಟಾಪ್ ಹೇಳುವುದು ರೂಟರ್‌ಗೆ ಚೆನ್ನಾಗಿ ಕೇಳಿಸುತ್ತಿದೆ. ರೂಟರ್ ಹೇಳುವುದು ಲ್ಯಾಪ್‌ಟಾಪ್‌ಗೆ ಕೇಳಿಸುತ್ತಿಲ್ಲ. ಅಂದರೆ ಗಲಾಟೆ ಇರುವುದು ಲ್ಯಾಪ್‌ಟಾಪ್‌ನ ಪಕ್ಕದಲ್ಲೇ. ಎರಡು ಪ್ರಶ್ನೆ. ವೈರ್‌ಲೆಸ್ ಮೌಸ್ ಇದೆಯಾ, ರಾತ್ರಿ ಅದೂ ತಡವರಿಸುತ್ತದಾ? ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕುತ್ತೀರಾ?

ಪ್ರಶ್ನೆ ಕೇಳಿದವನು
ನಿಮಗೆ ಹೇಗೆ ಗೊತ್ತಾಯ್ತು ಸರ್?! ಮೌಸ್ ಬಾಣ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಡುತ್ತದೆ, ಆಮೇಲೆ ಒಮ್ಮೆಲೇ ಸ್ಕ್ರೀನ್‌ನ ಮೂಲೆಗೆ ಹಾರುತ್ತದೆ. ಎರಡು ಸಲ ಸೆಲ್ ಬದಲಾಯಿಸಿದೆ. ಡಿಸ್ಕ್ ಹಾಕುವುದು ರಾತ್ರಿ ಮಾತ್ರ, ಫೋಟೋ ಎಲ್ಲ ಅದರಲ್ಲೇ ಇರೋದು. ಮೇಜಿನ ಮೇಲೆ ಜಾಗ ಇಲ್ಲ ಅಂತ ಸ್ಕ್ರೀನ್ ಹಿಂಬದಿಗೆ ಒರಗಿಸಿ ಇಡುತ್ತೇನೆ.

ಉತ್ತರ 2
ಸರಿ, ಕಳ್ಳ ಸಿಕ್ಕಿದ. ಯುಎಸ್‌ಬಿ 3 ಓಡುವುದು 5 ಜಿಬಿಪಿಎಸ್ ವೇಗದಲ್ಲಿ. ಆಗ ಪೋರ್ಟ್, ಕೇಬಲ್, ಡಿಸ್ಕ್ ಮೂರರಿಂದಲೂ ರೇಡಿಯೋ ಗದ್ದಲ ಸೋರುತ್ತದೆ, ಅದು ನಿಮ್ಮ ವೈಫೈ, ಮೌಸ್ ಎರಡೂ ಬಳಸುವ 2.4 ಗಿಗಾಹರ್ಟ್ಸ್ ಮೇಲೂ ಬೀಳುತ್ತದೆ. ಇಂಟೆಲ್‌ನವರು 2012ರಲ್ಲೇ ಇದನ್ನು ಅಳೆದು ಬರೆದಿದ್ದಾರೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ಇರುವುದು ಸ್ಕ್ರೀನ್‌ನ ಅಂಚಿನಲ್ಲಿ. ನೀವು ಡಿಸ್ಕನ್ನು ಅದರ ಬೆನ್ನಿಗೇ ಒರಗಿಸಿದ್ದೀರಿ! ಕಿವಿಯ ಹತ್ತಿರ ತಮಟೆ ಬಾರಿಸುತ್ತಾ ಹಾಲ್‌ನಲ್ಲಿ ಮಾತಾಡಿದ್ದು ಕೇಳಿಸಲ್ಲ ಅಂದ ಹಾಗಾಯ್ತು. ನಿಮ್ಮ ಫೋನ್ ಬಹುಶಃ ವೈಫೈನ ಇನ್ನೊಂದು ಬ್ಯಾಂಡ್ 5 ಗಿಗಾಹರ್ಟ್ಸ್‌ನಲ್ಲಿದೆ, ಅದಕ್ಕೇ ಆರಾಮಾಗಿದೆ.

ಮೊದಲು ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ, ತೆಗೆದು ಟೆಸ್ಟ್ ಮಾಡಿ. ಸ್ಪೀಡ್ ಏರಿದರೆ ಇದೇ ಕಾರಣ. ಆಮೇಲೆ ಒಂದು ಮೀಟರ್‌ನ ಒಳ್ಳೆಯ ಯುಎಸ್‌ಬಿ 3 ಕೇಬಲ್ ತಂದು ಡಿಸ್ಕನ್ನು ದೂರ ಇಡಿ. ಅಗ್ಗದ ಕೇಬಲ್ ಬೇಡ, ಅದೇ ಜಾಸ್ತಿ ಸೋರುತ್ತದೆ. ಮೌಸ್‌ನ ರಿಸೀವರ್ ಡಿಸ್ಕ್ ಇಲ್ಲದ ಕಡೆಯ ಪೋರ್ಟ್‌ಗೆ ಹೋಗಲಿ. ಡಿಸ್ಕನ್ನು ಯುಎಸ್‌ಬಿ 2 ಪೋರ್ಟ್‌ಗೆ ಹಾಕಿದರೂ ಗದ್ದಲ ನಿಲ್ಲುತ್ತದೆ, ಆದರೆ ನಿಮ್ಮ ಫೋಟೋ ಕಾಪಿ ಆಗುವಷ್ಟರಲ್ಲಿ ಬೆಳಗಾಗುತ್ತದೆ.

ಉತ್ತರ 3
ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ 5 ಗಿಗಾಹರ್ಟ್ಸ್ ಹಿಡಿಯುವ ವೈಫೈ ಡಾಂಗಲ್ ತಗೊಳ್ಳಿ. ಈ ತಾಪತ್ರಯವೇ ಇರಲ್ಲ. ಚಾನೆಲ್ ವಿಷಯದಲ್ಲಿ ನಾನು ಸುಮ್ನೆ ದಾರಿ ತಪ್ಪಿಸಿದೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ ಕೇಳಿದವನು
ಡಿಸ್ಕ್ ತೆಗೆದ ತಕ್ಷಣ ರಿಸೀವ್ 72ಕ್ಕೆ ಏರಿತು, ಟೆಸ್ಟ್‌ನಲ್ಲಿ 43. ಮತ್ತೆ ಹಾಕಿದೆ, 7. ಮೂರು ಸಲ ಹೀಗೇ ಮಾಡಿ ನೋಡಿದೆ, ಮನೆಯವಳು ‘ಏನು ಆಟ ಇದು’ ಅಂದಳು. ಈಗ ಡಿಸ್ಕ್ ಕಿಟಕಿ ಕಟ್ಟೆ ಮೇಲಿದೆ, 38 ಬರುತ್ತಿದೆ, ಸದ್ಯಕ್ಕೆ ಸಾಕು. ಮೌಸ್ ಕೂಡ ನೆಟ್ಟಗೆ ಓಡುತ್ತಿದೆ. ಡೂಪ್ಲಿಕೇಟ್ ಮಾಲು ಕೊಟ್ರಿ ಅಂತ ಮೌಸ್ ಅಂಗಡಿಯವನ ಹತ್ತಿರ ಜಗಳ ಬೇರೆ ಆಡಿ ಬಂದಿದ್ದೆ. ಕೇಬಲ್ ತರೋಕೆ ಈಗ ಅದೇ ಅಂಗಡಿಗೆ ಹೋಗಬೇಕು.