ಬ್ಯಾಲೆ ಕಲಿಯಲು ಆರಂಭಿಸಿದವರು ಮೊದಲು ಯಾವುದನ್ನು ನೋಡಬೇಕು?

ಪ್ರಶ್ನೆ: ಲಂಡನ್ನಿನಲ್ಲಿ ವಯಸ್ಕರ ಬ್ಯಾಲೆ ತರಗತಿಗೆ ಸೇರಿ ಮೂರು ತಿಂಗಳಾಯಿತು. ಆದಷ್ಟು ಪ್ರದರ್ಶನಗಳನ್ನು ನೋಡಬೇಕೆಂದು ಶಿಕ್ಷಕಿ ಹೇಳುತ್ತಾರೆ. ‘ಸ್ವಾನ್ ಲೇಕ್’ನಂತಹ ಶಾಸ್ತ್ರೀಯ ಬ್ಯಾಲೆಯಿಂದ ಆರಂಭಿಸಲೇ, ‘ರೋಮಿಯೊ ಅಂಡ್ ಜೂಲಿಯೆಟ್’ನಂತಹ ನಾಟಕಪ್ರಧಾನ ಬ್ಯಾಲೆಯಿಂದಲೇ? ನೋಡಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಉತ್ತರ: ನಾನೂ ತಡವಾಗಿ ಕಲಿಯತೊಡಗಿದವಳು, ಇದು ನನಗೆ ಎರಡನೆಯ ವರ್ಷ. ನಾನು ಮೊದಲು ನೋಡಿದ್ದು ‘ಸ್ವಾನ್ ಲೇಕ್’. ಮೂರನೆಯ ಅಂಕದಲ್ಲಿ ಕಪ್ಪು ಹಂಸವಾದ ಒಡೀಲ್ ಒಂದೇ ಕಾಲಿನ ಮೇಲೆ 32 ಬಾರಿ ಸುತ್ತುತ್ತಾಳೆಂದು ಕೇಳಿದ್ದರಿಂದ, ಅದಕ್ಕಾಗಿ ಕಾದು ಕುಳಿತು, ಒಂದೊಂದನ್ನೂ ಎಣಿಸಿದೆ. ಎಣಿಸುವುದರಲ್ಲಿ ಮುಳುಗಿ, ರಾಜಕುಮಾರ ಅವಳನ್ನೇ ತಾನು ಪ್ರೀತಿಸಿದ ಹಂಸಕನ್ಯೆ ಒಡೆಟ್ ಎಂದು ನಂಬಿ ಆ ಕ್ಷಣದಲ್ಲಿಯೇ ಮೋಸಹೋಗುತ್ತಿದ್ದಾನೆ ಎಂಬುದನ್ನು ಗಮನಿಸಲೇ ಇಲ್ಲ. ಇಂದಿಗೂ ಮನಸ್ಸಿನಲ್ಲಿ ಉಳಿದಿರುವುದು ಬೇರೆಯೇ. ಸರೋವರದ ದೃಶ್ಯದಲ್ಲಿ ನಾಯಕಿ ನರ್ತಿಸುವಾಗ ರಂಗದ ಎರಡೂ ಬದಿಗಳಲ್ಲಿ ಹಂಸಗಳ ಸಾಲು ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಹಿಂದಕ್ಕಿಟ್ಟು, ನಿಮಿಷಗಟ್ಟಲೆ ಅಲುಗದೆ ನಿಂತಿರುತ್ತದೆ. ತರಗತಿಯಲ್ಲಿ ಅರ್ಧ ನಿಮಿಷ ಹಾಗೆ ನಿಂತರೆ ಮೀನಖಂಡ ನಡುಗುವುದನ್ನು ಅರಿತವರಿಗೆ ಆ ನಿಶ್ಚಲತೆ ಎಷ್ಟು ದೊಡ್ಡ ಕೆಲಸವೆಂದು ತಿಳಿಯುತ್ತದೆ. ಇಂದಿನ ಬಹುಪಾಲು ಪ್ರದರ್ಶನಗಳಿಗೆ ಆಧಾರ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೆಟಿಪಾ ಮತ್ತು ಇವಾನೊವ್ ನೃತ್ಯ ಸಂಯೋಜಿಸಿದ ರೂಪ. ಸರೋವರದ ದೃಶ್ಯಗಳು ಇವಾನೊವ್ ಅವರವು.

ಆದರೂ ನಿಮಗೆ ನನ್ನ ಸಲಹೆ ‘ಜಿಸೆಲ್’. 1841ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶನಗೊಂಡ ಈ ಎರಡಂಕದ ಬ್ಯಾಲೆಯಲ್ಲಿ ನೀವು ಕೇಳುತ್ತಿರುವ ಎರಡೂ ಬಗೆಗಳು ಸಿಗುತ್ತವೆ. ಹಳ್ಳಿಯ ಹುಡುಗಿ ಜಿಸೆಲ್, ತಾನು ಪ್ರೀತಿಸಿದ ಆಲ್ಬ್ರೆಕ್ಟ್ ವೇಷ ಮರೆಸಿಕೊಂಡ ಶ್ರೀಮಂತನೆಂದೂ ಅವನಿಗೆ ಈಗಾಗಲೇ ಮದುವೆ ನಿಶ್ಚಯವಾಗಿದೆಯೆಂದೂ ತಿಳಿದಾಗ ಬುದ್ಧಿಭ್ರಮಣೆಗೆ ಒಳಗಾಗುತ್ತಾಳೆ. ಸ್ವಲ್ಪ ಹೊತ್ತಿನ ಹಿಂದೆ ಅವನೊಡನೆ ಸಂತೋಷದಿಂದ ಕುಣಿದ ಹೆಜ್ಜೆಗಳನ್ನೇ ಆಗ ಕೂದಲು ಬಿಚ್ಚಿಹೋಗಿ, ತಾಳ ತಪ್ಪಿ, ಅರ್ಧರ್ಧವಾಗಿ ನೆನಪಿಸಿಕೊಂಡು ಹಾಕುತ್ತಾಳೆ. ನಾವು ತರಗತಿಯಲ್ಲಿ ಸರಿಯಾಗಿ ಹಾಕಲು ಹೆಣಗುವ ಹೆಜ್ಜೆ, ಬೇಕೆಂದೇ ಮುರಿದಾಗ ಇಷ್ಟು ಹೇಳಬಲ್ಲದೇ ಎಂದು ನನಗೆ ಗಂಟಲು ಕಟ್ಟಿತು. ಎರಡನೆಯ ಅಂಕದಲ್ಲಿ, ಮದುವೆಗೆ ಮೊದಲೇ ಸತ್ತ ಹುಡುಗಿಯರ ಆತ್ಮಗಳಾದ ವಿಲಿಗಳ ಬಿಳಿಯ ಸಾಲುಗಳು ಬರುತ್ತವೆ. ಅಲ್ಲಿ ಶುದ್ಧ ಶಾಸ್ತ್ರೀಯ ನರ್ತನವೇ ಪ್ರಧಾನ.

ಇನ್ನೊಬ್ಬರ ಉತ್ತರ: ಮೇಲಿನ ಸಲಹೆಯನ್ನು ಗೌರವಿಸುತ್ತಲೇ, ನಾಟಕಪ್ರಧಾನ ಬ್ಯಾಲೆಯಿಂದಲೇ ಆರಂಭಿಸಿರೆಂದು ಹೇಳುತ್ತೇನೆ. ನಾನು ಮೈಸೂರಿನಲ್ಲಿ ಎಂಟು ವರ್ಷ ಭರತನಾಟ್ಯ ಕಲಿತವಳು. ನೃತ್ತ (ಕಥೆಯಿಲ್ಲದ ಶುದ್ಧ ನರ್ತನ) ಬೇರೆ, ಅಭಿನಯ ಬೇರೆ ಎಂದು ನೋಡಿ ಅಭ್ಯಾಸವಾದ ನನ್ನ ಕಣ್ಣಿಗೆ ಹಳೆಯ ಬ್ಯಾಲೆಗಳು ಬೇಗನೆ ಒಗ್ಗಿದವು, ಏಕೆಂದರೆ ಅಲ್ಲಿಯೂ ಕಥೆ ಹೇಳುವ ಹಸ್ತಸಂಕೇತಗಳು ನರ್ತನದಿಂದ ಬಹುಮಟ್ಟಿಗೆ ಪ್ರತ್ಯೇಕವಾಗಿರುತ್ತವೆ: ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ ನರ್ತನ, ಉಂಗುರದ ಬೆರಳನ್ನು ತೋರಿಸಿದರೆ ಮದುವೆ, ಮುಷ್ಟಿ ಹಿಡಿದ ಕೈಗಳನ್ನು ಮುಂದೆ ಅಡ್ಡಲಾಗಿ ಇಳಿಸಿದರೆ ಸಾವು. ಕೆನೆತ್ ಮ್ಯಾಕ್‌ಮಿಲನ್ 1965ರಲ್ಲಿ ನೃತ್ಯ ಸಂಯೋಜಿಸಿದ ‘ರೋಮಿಯೊ ಅಂಡ್ ಜೂಲಿಯೆಟ್’ನಲ್ಲಿ ಈ ಗಡಿಯೇ ಅಳಿಸಿಹೋದಂತಿದೆ. ರೋಮಿಯೊ ಹೊರಟುಹೋದ ಮೇಲೆ, ತಂದೆತಾಯಿ ಬೇರೆ ಮದುವೆಗೆ ಒತ್ತಾಯಿಸಿದಾಗ, ಜೂಲಿಯೆಟ್ ಹಾಸಿಗೆಯ ಅಂಚಿನಲ್ಲಿ ನಮ್ಮತ್ತ ಮುಖ ಮಾಡಿ ಸುಮ್ಮನೆ ಕುಳಿತುಬಿಡುತ್ತಾಳೆ. ಪ್ರೊಕೊಫಿಯೆವ್ ಅವರ ಸಂಗೀತ ಉಕ್ಕುತ್ತದೆ, ಅವಳು ಮಾತ್ರ ಕದಲುವುದಿಲ್ಲ. ಮುಂದೆ ಸಮಾಧಿಯಲ್ಲಿ ರೋಮಿಯೊ ಅವಳ ನಿಶ್ಚೇಷ್ಟ ದೇಹವನ್ನೆತ್ತಿ ನರ್ತಿಸುವಾಗ, ಮೊದಲಿನ ಯುಗಳ ನರ್ತನದ ಎತ್ತುಗೆಗಳೇ ನೆನಪಾಗುತ್ತವೆ. ಮೈಯನ್ನು ಹಾಗೆ ಸಂಪೂರ್ಣ ಜೋತುಬಿಟ್ಟಂತೆ ತೋರಿಸಲು ನರ್ತಕಿಗೆ ಎಷ್ಟು ಹಿಡಿತ ಬೇಕೆಂಬುದು ನನಗೆ ತರಗತಿಗೆ ಹೋಗತೊಡಗಿದ ಮೇಲಷ್ಟೇ ಅರ್ಥವಾಯಿತು.

ಇನ್ನೊಂದು ಮಾತು. ‘ಲಾ ಬಯಾದೇರ್’ (1877) ಭಾರತದ ದೇವಾಲಯ ನರ್ತಕಿಯ ಕಥೆಯೆಂದು ಕೇಳಿ, ಅದರಲ್ಲಿ ನಮ್ಮ ನೃತ್ಯವನ್ನು ಹುಡುಕುತ್ತಾ ಹೋಗಬೇಡಿ. ಅದು ಯುರೋಪ್ ಕಲ್ಪಿಸಿಕೊಂಡ ಭಾರತ, ನನಗೆ ಅದರಿಂದ ನೋವೂ ಆಯಿತು. ಆದರೆ ಅದರ ಛಾಯೆಗಳ (ಸತ್ತವರ ಆತ್ಮಗಳ) ದೃಶ್ಯದಲ್ಲಿ ನರ್ತಕಿಯರು ಒಬ್ಬರ ಹಿಂದೊಬ್ಬರು ಇಳಿಜಾರಿನಲ್ಲಿ ಒಂದೇ ಆರಾಬೆಸ್ಕನ್ನು (ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ನೇರವಾಗಿ ಹಿಂದಕ್ಕೆ ಚಾಚುವ ಭಂಗಿ) ಮತ್ತೆ ಮತ್ತೆ ಮಾಡುತ್ತಾ ಇಳಿದು ಬರುತ್ತಾರೆ. ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಮತ್ತೊಬ್ಬರ ಉತ್ತರ: ಆಸನದ ಬಗ್ಗೆ ಯಾರೂ ಹೇಳಿಲ್ಲ. ಶಾಸ್ತ್ರೀಯ ಬ್ಯಾಲೆಗೆ ಮೇಲಿನ ಅಂತಸ್ತಿನ ಅಗ್ಗದ ಟಿಕೆಟ್ಟೇ ಒಳ್ಳೆಯದು. ಸಮೂಹ ನರ್ತನದ ಸಾಲು, ಕರ್ಣ, ವೃತ್ತಗಳು ಅಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತವೆ. ಹಣ ಕೂಡಿಟ್ಟು ಹತ್ತಿರ ಕುಳಿತುಕೊಳ್ಳುವುದಾದರೆ ಅದನ್ನು ಜೂಲಿಯೆಟ್‌ಗಾಗಿ ಮೀಸಲಿಡಿ, ಏಕೆಂದರೆ ಅವಳ ಮುಖ ಕಾಣಬೇಕು. ಯಾವುದನ್ನೇ ಆರಿಸಿಕೊಂಡರೂ ಕಥೆಯನ್ನು ಮನೆಯಲ್ಲಿಯೇ ಓದಿಕೊಂಡು ಹೋಗಿ.