ಹಳೇ ಚಿನ್ನದ ಗುಂಡಿನ ಸರ ಅಂಗಡಿಗೆ ಹಾಕಿ ತೂಕದ್ದು ತಗೊಂಡವರು ಹೇಳ್ತೀರಾ?

ಕೇಳಿದವರು: ಮಗಳ ಮದುವೆಗೆ ಅಮ್ಮ ಕೊಟ್ಟ ಗುಂಡಿನ ಸರ ಅಂಗಡಿಗೆ ಹಾಕಿ, ಇನ್ನೂ ದೊಡ್ಡದು ತಗೊಳ್ಳಬೇಕು ಅಂತಿದ್ದೇನೆ. ಬಿಲ್ ಇಲ್ಲ, ಶುದ್ಧತೆಯ ಹಾಲ್‌ಮಾರ್ಕ್ ಮುದ್ರೆಯೂ ಇಲ್ಲ. ಮೋಸ ಹೋಗಬಾರದು ಅಂದ್ರೆ ಏನು ನೋಡಬೇಕು?

ತುಮಕೂರಿನಿಂದ: ಅಕ್ಕಾ, ಹೊಸ ಸರ ನೋಡೋಕೆ ಮೊದಲು ಹಳೇದರ ಲೆಕ್ಕ ಮುಗಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸದು ಕೊರಳಿಗೆ ಹಾಕಿ ಕನ್ನಡಿ ನೋಡಿದ ಮೇಲೆ ಚೌಕಾಸಿಗೆ ಬಾಯೇ ಬರುವುದಿಲ್ಲ.

ಹೋದ ವರ್ಷ ಅಜ್ಜಿಯ ಸರ ಕೊಟ್ಟು ಹೊಸದು ತಗೊಂಡೆ. ಮೊದಲು ಹೋದ ಅಂಗಡಿಯವರು ಒರೆಗಲ್ಲಿಗೆ ಉಜ್ಜಿ, ನೂರಕ್ಕೆ 15 ಕಳೆಯುತ್ತೇವೆ ಅಂದರು. ಎದ್ದು ಬಂದೆ. ಎರಡನೇ ಕಡೆ ನನ್ನ ಕಣ್ಣೆದುರೇ ಕರಗಿಸಿದರು. ಸರ 26 ಗ್ರಾಂ ಇತ್ತು, ಮೂಸೆಯಿಂದ ಬಂದ ಗಟ್ಟಿ 24. ಗುಂಡಿನೊಳಗೆಲ್ಲ ಅರಗು! ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರ್‌ನಲ್ಲಿ ಶೇ 88.4 ಬಂತು. 22 ಕ್ಯಾರೆಟ್ ಅಂದರೆ ಶೇ 91.6 ಇರಬೇಕು. ಹಾಗಾಗಿ ಆ 24 ಗ್ರಾಂ ಗಟ್ಟಿಗೆ 22 ಕ್ಯಾರೆಟ್‌ನ 23.16 ಗ್ರಾಂ ಲೆಕ್ಕ ಸಿಕ್ಕಿತು. ಅದು ನ್ಯಾಯವೇ.

ಹೊಸದು 32 ಗ್ರಾಂ. ಬಾಕಿ 8.84 ಗ್ರಾಂಗೆ ಮಾತ್ರ ದುಡ್ಡು ಅಂದುಕೊಂಡು ಹೋಗಿದ್ದೆ. ಆದರೆ ಮಜೂರಿ, ವೇಸ್ಟೇಜ್ (ಒಡವೆ ಮಾಡುವಾಗ ಸವೆಯುವ ಚಿನ್ನದ ಲೆಕ್ಕ) ಪೂರ್ತಿ 32 ಗ್ರಾಂಗೆ ಹಾಕಿದರು. ಶೇ 3 ಜಿಎಸ್‌ಟಿಯೂ ಪೂರ್ತಿ ಬೆಲೆಯ ಮೇಲೇ. ಇದಕ್ಕೆ ಬೇರೆ ದುಡ್ಡು ಇಟ್ಟುಕೊಂಡೇ ಹೋಗಿ. ಮಜೂರಿ ಕೇಳಿದರೆ ಇಳಿಸುತ್ತಾರೆ, ನಾಚಿಕೆ ಬೇಡ.

ಹಾಸನದಿಂದ: ಹಾಲ್‌ಮಾರ್ಕ್ ಪರೀಕ್ಷೆ ಮಾಡುವ ಸೆಂಟರ್‌ನಲ್ಲಿ ನಮ್ಮಂಥವರೂ ಹಳೇ ಒಡವೆ ತೋರಿಸಬಹುದು. ನಾನು ಬಳೆ ತೋರಿಸಿ, ರಿಪೋರ್ಟ್ ಹಿಡಿದೇ ಅಂಗಡಿಗೆ ಹೋದೆ. ಮಾತೇ ಬೇರೆಯಾಯಿತು. ಹೊಸದರ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಬೇರೆ ಗುರುತಿನ ಸಂಖ್ಯೆ ಇರುತ್ತದೆ. 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ಗೆ ಅಲ್ಲೇ ಹಾಕಿ ನೋಡಿ. ಇನ್ನೊಂದು, ಕಲ್ಲಿನ ಸರ ಆರಿಸಿಕೊಂಡರೆ ಕಲ್ಲಿನ ತೂಕಕ್ಕೆ ಚಿನ್ನದ ರೇಟು ಕೊಡಬೇಡಿ. ಮುಂದೆ ಇದನ್ನೂ ಬದಲಾಯಿಸೋ ದಿನ ಬಂದರೆ ಕಲ್ಲಿಗೆ ಕೊಟ್ಟ ಆ ದುಡ್ಡು ವಾಪಸ್ ಸಿಗುವುದಿಲ್ಲ.

ಕೇಳಿದವರು: ತುಂಬಾ ಥ್ಯಾಂಕ್ಸ್. ಕರಗಿಸೋದು ಅಂದ ತಕ್ಷಣ ಕರುಳು ಚುರ್ ಅಂತಿದೆ. ಅಮ್ಮ ಅದನ್ನ ಬಿಚ್ಚಿದ್ದೇ ನೋಡಿಲ್ಲ ನಾನು.

ತುಮಕೂರಿನಿಂದ: ನನಗೂ ಹಾಗೇ ಆಗಿತ್ತು ಅಕ್ಕಾ. ಅದಕ್ಕೇ ತೂಕಕ್ಕೆ ಇಡುವ ಮೊದಲು ಎರಡು ಗುಂಡು ಬಿಡಿಸಿಕೊಂಡೆ. ಒಂದರ ಪಕ್ಕದಲ್ಲಿ ಸಣ್ಣ ನೆಗ್ಗು ಇದೆ. ಈಗ ಎರಡೂ ನನ್ನ ಕರಿಮಣಿಯಲ್ಲಿವೆ, ತಾಳಿಯ ಆಚೆ ಒಂದು, ಈಚೆ ಒಂದು.